ಲೀಟರಿಗೆ ಎಷ್ಟು ಕಿಲೋಮೀಟರ್? ಘಟ್ಟದ ಬುಡದ ಬಸ್ಸುಗಳು ಮತ್ತು ಜಗತ್ತಿನ ಡೀಸೆಲ್ ಲೆಕ್ಕ

ಪುತ್ತೂರು, ಸುಳ್ಯ ಡಿಪೊಗಳಲ್ಲಿ ಕೆಲಸ ಮಾಡಿದವರಿಗೆ ‘ಕೆಎಂಪಿಎಲ್’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೀಟರ್ ಡೀಸೆಲಿಗೆ ಬಸ್ಸು ಓಡಿದ ಕಿಲೋಮೀಟರ್ ಅದು. ಶೆಡ್ಯೂಲ್ ಮುಗಿಸಿದ ಗಾಡಿ ಡಿಪೊಗೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತದೆ, ಹಾಕಿದ ಡೀಸೆಲ್ ಎಷ್ಟೆಂದು ದಾಖಲಾಗುತ್ತದೆ, ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಆ ಗಾಡಿಯ ಅಂದಿನ ಅಂಕ ಸಿಗುತ್ತದೆ. ಡ್ರೈವರ್‌ಗಳಿಗೂ ಮೆಕ್ಯಾನಿಕ್‌ಗಳಿಗೂ ಈ ಅಂಕ ಮರ್ಯಾದೆಯ ವಿಷಯ. ಬಯಲುಸೀಮೆಯ ರೂಟಿನವರು ತೆಗೆಯುವ ಅಂಕವನ್ನು ಸಂಪಾಜೆ ಘಟ್ಟ ಹತ್ತುವವರಿಂದ ನಿರೀಕ್ಷಿಸುವುದು ನ್ಯಾಯವಲ್ಲ ಎಂಬ ಮಾತೂ ಈ ಅಂಕದಷ್ಟೇ ಹಳೆಯದು.

ಸಾರಿಗೆಯ ಚರಿತ್ರೆ ಬರೆಯುವಾಗ ಹೊಸ ರೂಟುಗಳ ಆರಂಭ, ಬಸ್ ನಿಲ್ದಾಣಗಳ ಉದ್ಘಾಟನೆ, ಗಣ್ಯರ ಹೆಸರು ಎಲ್ಲರ ನೆನಪಿಗೂ ಬರುತ್ತವೆ. ಡೀಸೆಲ್ ಉಳಿಸಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ವಾಹನಗಳ ಇಂಧನ ಮಿತವ್ಯಯವೂ ಹೊಗೆಯ ನಿಯಂತ್ರಣವೂ ಇಂದು ದೇಶದೇಶಗಳು ಒಟ್ಟಿಗೆ ಕುಳಿತು ಮಾತಾಡುವ ವಿಷಯಗಳಾಗಿವೆ. ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳ ಬಸ್ಸುಗಳು ಆ ಮಾತುಕತೆಯ ಫಲವನ್ನು ಉಂಡಿವೆ. ಅದಕ್ಕೆ ಪ್ರತಿಯಾಗಿ ಕೊಡಬಹುದಾದ ತಿಳಿವಳಿಕೆಯೂ ಇಲ್ಲಿನ ಡಿಪೊಗಳಲ್ಲಿದೆ. ಅದನ್ನು ನೆನಪಿಸಲು ಈ ಲೇಖನ.

ಮೊದಲು ಎಂಜಿನ್ನಿನ ಮಾತು. ದಕ್ಷಿಣ ಕನ್ನಡ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆಚೆ ಮೈಸೂರಿನಲ್ಲಿ 1948ರಲ್ಲೇ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಹುಟ್ಟಿತ್ತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಅದೇ ಕಾಲದಲ್ಲಿ ದೇಶದ ಬಸ್ಸು ಲಾರಿಗಳ ಒಳಗೂ ದೊಡ್ಡ ಬದಲಾವಣೆ ನಡೆಯುತ್ತಿತ್ತು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿತು. 1969ರವರೆಗೆ ಆ ಗಾಡಿಗಳ ಮೂತಿಯಲ್ಲಿ ಮೂರು ಮೂಲೆಯ ನಕ್ಷತ್ರವಿತ್ತು. ಹಳಬರು ಇಂದಿಗೂ ‘ಬೆಂಜ್ ಗಾಡಿ’ ಎನ್ನುವುದು ಅದೇ ಕಾರಣಕ್ಕೆ. ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಮುಂದೆ ಲೇಲ್ಯಾಂಡ್ ಗಾಡಿಗಳಿಗೆ ಜಪಾನಿನ ಹಿನೊ ಎಂಜಿನ್, ಟಾಟಾ ಗಾಡಿಗಳಿಗೆ ಅಮೆರಿಕದ ಕಮಿನ್ಸ್ ಎಂಜಿನ್ ಬಂದವು. ಒಂದೊಂದು ಪೀಳಿಗೆ ಬದಲಾದಾಗಲೂ ಅದೇ ಘಟ್ಟವನ್ನು ಕಡಿಮೆ ಡೀಸೆಲಿನಲ್ಲಿ ಹತ್ತುವುದು ಸಾಧ್ಯವಾಯಿತು.

ಇವೆಲ್ಲಕ್ಕಿಂತ ನಮಗೆ ಹತ್ತಿರದ ಕಥೆ ಬೆಂಗಳೂರಿನ ಆಡುಗೋಡಿಯದು. 1951ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ‘ಮೈಕೋ’, ಸ್ಥಾಪನೆಯಾಯಿತು. ಡೀಸೆಲ್ ಎಂಜಿನ್ನಿಗೆ ಎಣ್ಣೆಯನ್ನು ಅಳೆದು, ಒತ್ತಿ, ಸರಿಯಾದ ಕ್ಷಣಕ್ಕೆ ಚಿಮ್ಮಿಸುವ ಪಂಪನ್ನೂ ನಾಝಲನ್ನೂ ಅದು ಇಲ್ಲೇ ತಯಾರಿಸಿತು. ಪಂಪು ಒಂದಿಷ್ಟು ಹೆಚ್ಚು ಎಣ್ಣೆ ಬಿಟ್ಟರೆ ಅದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ನಾಝಲ್ ಸವೆದು ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುವ ಬದಲು ಹನಿಯಾಗಿ ಸುರಿದರೂ ಅದೇ ಗತಿ. ಹಾಗಾಗಿ ಹಿಂದೆ ಬಸ್ಸು ಹೋದ ಮೇಲೆ ರಸ್ತೆಯಲ್ಲಿ ಉಳಿಯುತ್ತಿದ್ದ ಕಪ್ಪು ಹೊಗೆ ಊರಿನ ಗಾಳಿಗೂ ಕೇಡು, ನಿಗಮದ ಬೊಕ್ಕಸಕ್ಕೂ ನಷ್ಟ. ಪಂಪ್ ಕ್ಯಾಲಿಬ್ರೇಷನ್ ಕಲಿತ ಮೆಕ್ಯಾನಿಕ್‌ಗಳು ಮಾಡಿದ್ದು ಎರಡನ್ನೂ ತಡೆಯುವ ಕೆಲಸ. ಜರ್ಮನಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ತಯಾರಾದ ಪಂಪು ಕೊನೆಗೆ ಸರಿಹೋಗುತ್ತಿದ್ದುದು ಎಣ್ಣೆಗೈಯ ನಮ್ಮವರಿಂದ. ಅಂತರರಾಷ್ಟ್ರೀಯ ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬಸ್ಸು ಹೋಗದ ಊರುಗಳಿಗೆ ಜೀಪೇ ಗತಿಯಾಗಿತ್ತು. ಸುಳ್ಯ, ಕಡಬದ ಒಳಹಳ್ಳಿಗಳಲ್ಲಿ ಅಡಿಕೆ ಚೀಲ, ಮದುವೆ ದಿಬ್ಬಣ, ಹೆರಿಗೆಯ ತುರ್ತು ಎಲ್ಲವೂ ಸರ್ವೀಸ್ ಜೀಪಿನಲ್ಲೇ ಸಾಗಿದ ಕಾಲವೊಂದಿತ್ತು. ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿದಾಗ ಅದು ಪೆಟ್ರೋಲ್ ಗಾಡಿ. ಅದಕ್ಕೆ ಡೀಸೆಲ್ ಎಂಜಿನ್ ಬಂದ ಮೇಲೆಯೇ ಬಾಡಿಗೆ ಓಡಿಸುವವರಿಗೆ ಗಿಟ್ಟತೊಡಗಿದ್ದು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಪರವಾನಗಿ ಪಡೆದ ಎಂಜಿನ್ ಇಂಥ ಜೀಪುಗಳ ಮೂಲಕ ನಮ್ಮ ಕಡೆಯ ಮಣ್ಣಿನ ದಾರಿಗಳನ್ನೂ ಕಂಡಿತು. ಇಂಧನ ಮಿತವ್ಯಯ ಎಂದಾಗ ನಾವು ಉಳಿತಾಯವನ್ನಷ್ಟೇ ಯೋಚಿಸುತ್ತೇವೆ. ಇಲ್ಲಿ ಅದರಿಂದ ಆದದ್ದು ಇನ್ನೂ ಹೆಚ್ಚು: ವಾಹನವೇ ಬಾರದಿದ್ದ ಊರಿಗೆ ವಾಹನ ಬಂತು.

ಲೀಟರಿನ ಲೆಕ್ಕ ದೇಶದ ಲೆಕ್ಕವಾದದ್ದು 1973ರ ಅಕ್ಟೋಬರಿನ ನಂತರ. ಅರಬ್ ದೇಶಗಳು ತೈಲ ಪೂರೈಕೆಯನ್ನು ಬಿಗಿಹಿಡಿದಾಗ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಶ್ರೀಮಂತ ದೇಶಗಳು 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯನ್ನು ಕಟ್ಟಿಕೊಂಡವು. ನಮ್ಮಲ್ಲಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಬಂತು. ಇಂಧನ ಉಳಿಸುವ ಹಾಗೆ ಗಾಡಿ ಓಡಿಸುವ ತರಬೇತಿ, ಗಾಡಿಗಳ ತಪಾಸಣೆ, ಪ್ರತಿವರ್ಷದ ಇಂಧನ ಸಂರಕ್ಷಣಾ ಕಾರ್ಯಕ್ರಮಗಳು ಈ ಸಂಘದಿಂದ ಸಾರಿಗೆ ನಿಗಮಗಳಿಗೆ ಹರಿದುಬಂದವು. ರಾಜ್ಯಗಳ ಸಾರಿಗೆ ಸಂಸ್ಥೆಗಳ ಒಕ್ಕೂಟವೂ ಪುಣೆಯ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯೂ ಅದಕ್ಕೆ ಮೊದಲೇ, 1960ರ ದಶಕದಲ್ಲಿ ಹುಟ್ಟಿದ್ದವು. ಒಂದು ರಾಜ್ಯದವರು ಕಂಡುಕೊಂಡ ಉಪಾಯವನ್ನು ಇನ್ನೊಂದು ರಾಜ್ಯದವರು ಕಲಿಯುವ ದಾರಿ ಅವುಗಳಿಂದ ತೆರೆಯಿತು.

ಈಗ ನಮ್ಮ ನೆಲಕ್ಕೆ ಬರೋಣ. ಕೆಎಸ್ಆರ್‌ಟಿಸಿಯ ಪುತ್ತೂರು ವಿಭಾಗದಲ್ಲಿ ಪುತ್ತೂರು, ಸುಳ್ಯ, ಧರ್ಮಸ್ಥಳ, ಬಿ.ಸಿ.ರೋಡ್ ಡಿಪೊಗಳ ಜೊತೆಗೆ ಘಟ್ಟದ ಮೇಲಿನ ಮಡಿಕೇರಿಯೂ ಇದೆ. ಮಂಗಳೂರು–ಉಡುಪಿ ನಡುವೆ ಖಾಸಗಿ ಬಸ್ಸುಗಳ ಕಾರುಬಾರಾದರೆ ಪುತ್ತೂರಿನಿಂದ ಈಚೆಗೆ ಕೆಂಪು ಬಸ್ಸನ್ನೇ ನಂಬಿದವರು ಹೆಚ್ಚು. ಶಾಲೆ ಕಾಲೇಜಿನ ಮಕ್ಕಳು, ಬೀಡಿ ಕಟ್ಟುವ ಹೆಂಗಸರು, ಕುಕ್ಕೆಗೆ ಹೋಗುವ ಭಕ್ತರು ಎಲ್ಲರೂ ಇದರಲ್ಲೇ. ಈ ರೂಟುಗಳಲ್ಲಿ ಸಮತಟ್ಟಾದ ದಾರಿ ಅಪರೂಪ. ಗುಡ್ಡ ಹತ್ತಿ ತೋಡಿಗೆ ಇಳಿದು ಮತ್ತೆ ಹತ್ತುವುದು, ಕೈ ತೋರಿಸಿದಲ್ಲಿ ನಿಲ್ಲಿಸುವುದು, ತಿರುವಿನಲ್ಲಿ ಎದುರಿನ ಗಾಡಿಗೆ ಜಾಗ ಕೊಡುವುದು, ಇವುಗಳ ನಡುವೆ ಟಾಪ್ ಗೇರಿಗೆ ಅವಕಾಶವೇ ಕಡಿಮೆ.

ಸಂಪಾಜೆಯ ದಾರಿಯನ್ನೇ ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. ಸುಳ್ಯ ಪೇಟೆಯಿಂದ ಮಡಿಕೇರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರಲ್ಲಿ ಬಸ್ಸು ಸುಮಾರು ಸಾವಿರ ಮೀಟರ್ ಮೇಲೇರಬೇಕು. ಜನ ತುಂಬಿದ ಬಸ್ಸಿನ ತೂಕ 15 ಟನ್ ಎಂದುಕೊಂಡರೆ, ಆ ತೂಕವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 40 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿಯಿದ್ದರೂ ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಎತ್ತರ ಏರುವುದಕ್ಕಷ್ಟೇ ಸುಮಾರು 12 ಲೀಟರ್ ಬೇಕು. ಲೀಟರಿಗೆ ಐದು ಕಿಲೋಮೀಟರಿನ ಆಸುಪಾಸು ಓಡುವ ಬಸ್ಸು ಬಯಲಿನಲ್ಲಿ ಇಡೀ ದೂರವನ್ನೇ ಅದಕ್ಕಿಂತ ಕಡಿಮೆ ಡೀಸೆಲಿನಲ್ಲಿ ಕ್ರಮಿಸಿಬಿಡುತ್ತಿತ್ತು. ಇಳಿಯುವಾಗ ಸ್ವಲ್ಪ ಉಳಿತಾಯ ಆಗುತ್ತದೆ ನಿಜ, ಆದರೆ ಹತ್ತುವಾಗ ಕೂಡಿಟ್ಟ ಶಕ್ತಿಯ ಬಹುಪಾಲು ಬ್ರೇಕ್ ಡ್ರಮ್ಮಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ.

ಇಂಥ ದಾರಿಯಲ್ಲಿ ಡ್ರೈವರ್‌ಗಳ ಪಾದವೇ ದೊಡ್ಡ ಉಪಕರಣ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಬಾರದು, ತಿರುವನ್ನು ದೂರದಿಂದಲೇ ಅಂದಾಜಿಸಿ ಆಕ್ಸಿಲರೇಟರ್ ಬಿಡಬೇಕು, ನಿಲ್ದಾಣದಲ್ಲಿ ಹೊತ್ತು ನಿಲ್ಲುವಾಗ ಎಂಜಿನ್ ಬಂದ್ ಮಾಡಬೇಕು ಎಂಬುದೆಲ್ಲ ತರಬೇತಿಯಲ್ಲಿ ಹೇಳುವಂಥವು. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ಇಂದಿಗೂ ಅಲ್ಲಲ್ಲಿ ಇದೆ. ಅದು ಅಪಾಯಕರ, ಜೊತೆಗೆ ಸುಳ್ಳು ಕೂಡ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಸಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪಂಪು ಎಣ್ಣೆ ಬಿಡುವುದನ್ನು ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ನಿಂತುಹೋಗದ ಹಾಗೆ ಎಣ್ಣೆ ಕುಡಿಯುತ್ತಲೇ ಇರಬೇಕಾಗುತ್ತದೆ. ಎಂಜಿನ್ನಿನ ಹಿಡಿತದಲ್ಲಿ ಗಾಡಿ ಇಳಿಸುವ ನಮ್ಮ ಹಳೆಯ ಡ್ರೈವರ್‌ಗಳು ಪ್ರಯಾಣಿಕರ ಜೀವವನ್ನೂ ಡೀಸೆಲನ್ನೂ ಒಟ್ಟಿಗೆ ಉಳಿಸಿದ್ದಾರೆ.

ದಾರಿಯ ಸ್ಥಿತಿಯೂ ಈ ಲೆಕ್ಕದೊಳಗೆ ಬರುತ್ತದೆ. ಉಪ್ಪಿನಂಗಡಿ–ಕಡಬ ರಸ್ತೆಯ ಹೊಸ್ಮಠದಲ್ಲಿ ಗುಂಡ್ಯ ಹೊಳೆಗಿದ್ದ ಮುಳುಗು ಸೇತುವೆ ಪ್ರತಿ ಮಳೆಗಾಲದಲ್ಲೂ ನೀರಡಿ ಹೋಗುತ್ತಿತ್ತು. ನೀರು ಇಳಿಯುವವರೆಗೆ ಕಾಯುವುದು ಅಥವಾ ಸುತ್ತು ಬಳಸಿ ಹೋಗುವುದು ಆಗ ಮಾಮೂಲು. ಎತ್ತರದ ಹೊಸ ಸೇತುವೆ ಬಂದು ಆ ಕಷ್ಟ ತಪ್ಪಿತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಸಂಪಾಜೆ ಘಟ್ಟ ಮುಚ್ಚಿತು, ಶಿರಾಡಿಯೂ ಕೈಕೊಟ್ಟಿತು. ಬಸ್ಸುಗಳು ಚಾರ್ಮಾಡಿಯ ಕಡೆಗೆ ಸುತ್ತಿ ಹೋಗಬೇಕಾಯಿತು. ಸೇತುವೆಯನ್ನೋ ಗುಡ್ಡದ ತಡೆಗೋಡೆಯನ್ನೋ ಯಾರೂ ಇಂಧನ ಉಳಿಸುವ ಯೋಜನೆ ಎಂದು ಕರೆಯುವುದಿಲ್ಲ. ನನ್ನ ಮಟ್ಟಿಗೆ ಅವೂ ಅಂಥವೇ.

ಟೈರಿನ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ಗಾಳಿ ಕಡಿಮೆಯಾದ ಟೈರು ರಸ್ತೆಗೆ ಹೆಚ್ಚು ಅಂಟಿಕೊಂಡು ಎಂಜಿನ್ನಿನ ಶಕ್ತಿಯನ್ನು ನುಂಗುತ್ತದೆ. ಹಳೆಯ ನೈಲಾನ್ ಟೈರಿನ ಬದಲು ರೇಡಿಯಲ್ ಟೈರು ಬಂದದ್ದರಿಂದಲೂ ಡೀಸೆಲ್ ಉಳಿದಿದೆ. ಟೈರಿಗೆ ಬೇಕಾದ ರಬ್ಬರ್ ಸುಳ್ಯ, ಕಡಬದ ಗುಡ್ಡಗಳಲ್ಲೇ ಬೆಳೆಯುತ್ತದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯಲು ಬಂದ ತಮಿಳು ಕುಟುಂಬಗಳು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ ಶ್ರೀಲಂಕಾದಿಂದ ಮರಳಿದವರು. ಎರಡು ದೇಶಗಳ ಪ್ರಧಾನಿಗಳು ಮಾಡಿಕೊಂಡ ಒಪ್ಪಂದ ನಮ್ಮೂರಿನಲ್ಲಿ ಬೇರೂರಿದ್ದು ಹೀಗೆ. ಈ ಜನರ ದುಡಿಮೆಯನ್ನು ಸಾರಿಗೆಯ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲವಾದ್ದರಿಂದ ಇಲ್ಲಿ ಸೇರಿಸಿದ್ದೇನೆ.

ಹೊಗೆಯ ಕಾನೂನಿನತ್ತ ನೋಡೋಣ. ಯುರೋಪು 1992ರಲ್ಲಿ ತನ್ನ ಮೊದಲ ಯೂರೊ ಮಾನದಂಡವನ್ನು ಜಾರಿಗೆ ತಂದಿತು. ನಾವು 2000ದಿಂದ ಅದೇ ಮಾದರಿಯನ್ನು ಅನುಸರಿಸಿ ಭಾರತ್ ಸ್ಟೇಜ್ ಎಂದು ಕರೆದೆವು. ಬಿಎಸ್-4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ಕ್ಕೆ. ಐದನೆಯ ಹಂತವನ್ನು ಬಿಟ್ಟು 2020ರ ಏಪ್ರಿಲ್ 1ಕ್ಕೆ ನೇರವಾಗಿ ಬಿಎಸ್-6ಕ್ಕೆ ಹಾರಿದೆವು. ಹತ್ತು ಲಕ್ಷ ಪಾಲು ಡೀಸೆಲಿನಲ್ಲಿ 50 ಪಾಲು ಇರಬಹುದಾಗಿದ್ದ ಗಂಧಕ ಇದರಿಂದ 10ಕ್ಕೆ ಇಳಿಯಿತು. ಅದಕ್ಕಾಗಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸೇರಿ ದೇಶದ ಸಂಸ್ಕರಣಾಗಾರಗಳು ಹೊಸ ಘಟಕಗಳಿಗೆ ಹಣ ಸುರಿಯಬೇಕಾಯಿತು. ಬಸ್ಸಿಗೆ ಹೊಗೆ ಸೋಸುವ ಫಿಲ್ಟರ್ ಬಂತು, ಡೀಸೆಲಿನ ಜೊತೆ ಆ್ಯಡ್‌ಬ್ಲೂ ಎಂಬ ಯೂರಿಯಾ ದ್ರಾವಣ ತುಂಬಿಸುವ ಕೆಲಸವೂ ಬಂತು. ಸ್ಕ್ರೂ ಡ್ರೈವರ್ ಹಿಡಿದು ಕಿವಿಯಿಂದಲೇ ಎಂಜಿನ್ನಿನ ದೋಷ ಹೇಳುತ್ತಿದ್ದವರು ಕಂಪ್ಯೂಟರ್ ಹಚ್ಚಿ ನೋಡುವುದನ್ನು ಕಲಿತರು. ಆ ಫಿಲ್ಟರ್ ತನ್ನಲ್ಲಿ ಕೂಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಎಂಜಿನ್ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಹೆಜ್ಜೆಹೆಜ್ಜೆಗೂ ನಿಲ್ಲುವ ಹಳ್ಳಿ ರೂಟಿಗೆ ಅದು ಒಗ್ಗುವುದು ಕಷ್ಟ.

ಹೊಗೆ ಬೇರೆ, ಇಂಗಾಲದ ಡೈಆಕ್ಸೈಡ್ ಬೇರೆ. ಭಾರತ್ ಸ್ಟೇಜ್ ತಡೆಯುವುದು ಶ್ವಾಸಕೋಶಕ್ಕೆ ಕೇಡಾಗುವ ವಿಷಗಳನ್ನು. ಎಷ್ಟೇ ಶುದ್ಧವಾಗಿ ಉರಿದರೂ ಒಂದು ಲೀಟರ್ ಡೀಸೆಲ್ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಅದನ್ನು ಕಡಿಮೆ ಮಾಡಲು ಕಡಿಮೆ ಡೀಸೆಲ್ ಸುಡಬೇಕು, ಬೇರೆ ದಾರಿಯಿಲ್ಲ. 2009ರಲ್ಲಿ ಜಿನೀವಾದಲ್ಲಿ ಎಫ್‌ಐಎ ಪ್ರತಿಷ್ಠಾನ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಅಂತರರಾಷ್ಟ್ರೀಯ ಸಾರಿಗೆ ವೇದಿಕೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಜಾಗತಿಕ ಇಂಧನ ಮಿತವ್ಯಯ ಉಪಕ್ರಮವನ್ನು ಆರಂಭಿಸಿದ್ದು ಈ ಅರಿವಿನಿಂದಲೇ. 2005ರಲ್ಲಿ ಹೊಸ ಕಾರುಗಳು 100 ಕಿಲೋಮೀಟರಿಗೆ ಸರಾಸರಿ 8 ಲೀಟರ್ ಕುಡಿಯುತ್ತಿದ್ದರೆ 2030ಕ್ಕೆ ಅದನ್ನು 4 ಲೀಟರಿಗೆ ಇಳಿಸಬೇಕೆಂಬುದು ಅವರ ಗುರಿ. ಭಾರತ 2017ರಿಂದ ಕಾರು ಕಂಪನಿಗಳಿಗೆ ಕಿಲೋಮೀಟರಿಗೆ ಸರಾಸರಿ 130 ಗ್ರಾಂ, 2022ರಿಂದ 113 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಮಿತಿ ಹಾಕಿತು. ವಾಹನ ನಿಯಮಗಳನ್ನು ಜಗತ್ತಿಗೆಲ್ಲ ಒಂದೇ ತೆರನಾಗಿಸಲು ಜಿನೀವಾದಲ್ಲಿ ಇರುವ ವಿಶ್ವಸಂಸ್ಥೆಯ ವೇದಿಕೆಯ 1998ರ ಒಪ್ಪಂದಕ್ಕೆ ನಾವು 2006ರಲ್ಲಿ ಸೇರಿದೆವು. ಪುತ್ತೂರಿನ ದರ್ಬೆಯಲ್ಲೋ ಬೊಳುವಾರಿನಲ್ಲೋ ಇಂದು ಓಡುವ ಹೊಸ ಬೈಕಿನ ಮಾದರಿ ಪಾಸಾಗಿರುವುದು ಅಲ್ಲಿ ರೂಪುಗೊಂಡ ಪರೀಕ್ಷೆಯಲ್ಲಿ.

ನನ್ನ ತಕರಾರು ಇರುವುದು ದೊಡ್ಡ ಗಾಡಿಗಳ ಪರೀಕ್ಷೆಯ ಬಗ್ಗೆ. 12 ಟನ್ನಿಗಿಂತ ಭಾರದ ಲಾರಿ ಬಸ್ಸುಗಳಿಗೆ 2017ರಲ್ಲಿ ಸರ್ಕಾರ ಹೊರಡಿಸಿದ ಇಂಧನ ಮಾನದಂಡ, ಗಾಡಿಯನ್ನು ಪರೀಕ್ಷಾ ಹಾದಿಯಲ್ಲಿ ಒಂದೇ ಸಮನಾದ ವೇಗದಲ್ಲಿ ಓಡಿಸಿ ಅಳೆಯುವಂಥದು. ಹೆದ್ದಾರಿಯ ಲಾರಿಗೆ ಅದು ಒಪ್ಪಬಹುದು. ಪುತ್ತೂರಿನಿಂದ ಪಾಣಾಜೆಗೆ, ಸುಳ್ಯದಿಂದ ಮಡಿಕೇರಿಗೆ, ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಒಂದು ನಿಮಿಷವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಅಲ್ಲಿ ಪಾಸಾದ ಗಾಡಿ ಇಲ್ಲಿ ಎಷ್ಟು ಕುಡಿಯುತ್ತದೆಂದು ಆ ಪರೀಕ್ಷೆ ಹೇಳಲಾರದು. ಯುರೋಪಿನವರು ‘ವೆಕ್ಟೊ’ ಎಂಬ ಗಣಕ ಕ್ರಮದಲ್ಲಿ ರಸ್ತೆಯ ಏರಿಳಿತವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅಂಥದೇ ಕ್ರಮ ನಮ್ಮಲ್ಲೂ ಬರಬೇಕು, ಅದರೊಳಗೆ ಪಶ್ಚಿಮ ಘಟ್ಟದ ರಸ್ತೆಯೊಂದು ಇರಲೇಬೇಕು.

ಸಾರಿಗೆ ನಿಗಮಕ್ಕೆ ಹೊರದೇಶಗಳ ನೆರವು ಹೊಸದೇನಲ್ಲ. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಬಂದ ಸಂಚಾರ ಮಾಹಿತಿ ವ್ಯವಸ್ಥೆಯ ಹಿಂದೆ ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕಿನ ನೆರವಿತ್ತು. 2023ರಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ವಿದ್ಯುತ್ ಬಸ್ಸು ಬಂತು. ಅದನ್ನು ತಯಾರಿಸಿದ ಹೈದರಾಬಾದಿನ ಕಂಪನಿಯ ತಂತ್ರಜ್ಞಾನ ಚೀನಾದ್ದು. ಆ ಬಸ್ಸು ಮೈಸೂರು ಕಡೆಯ ಸೌಮ್ಯ ಏರಿನಲ್ಲಿ ಬರುತ್ತದೆ. ವಿದ್ಯುತ್ ಬಸ್ಸಿನ ನಿಜವಾದ ಗುಣ ತಿಳಿಯುವುದು ನಮ್ಮ ಕಡೆಯ ಇಳಿಜಾರಿನಲ್ಲಿ. ಡೀಸೆಲ್ ಬಸ್ಸು ಬ್ರೇಕಿನಲ್ಲಿ ಸುಟ್ಟುಕಳೆಯುವ ಶಕ್ತಿಯ ಒಂದು ಪಾಲನ್ನು ಅದರ ಮೋಟಾರು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ಬಸ್ಸಿಗೆ ಇದು ಸಣ್ಣ ಲಾಭವಲ್ಲ. ವಿದ್ಯುತ್ ಬಸ್ಸುಗಳನ್ನು ಹಂಚುವಾಗ ಊರಿನ ಜನಸಂಖ್ಯೆಯನ್ನಷ್ಟೇ ನೋಡದೆ ದಾರಿಯ ಗುಣವನ್ನೂ ನೋಡಬೇಕೆಂದು ಕೇಳುವ ಹಕ್ಕು ನಮಗಿದೆ.

ಪ್ರಯಾಣಿಕರ ಕಡೆಯಿಂದಲೂ ಒಂದು ಮಾತು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ತುಂಬಿ ಓಡುತ್ತಿವೆ. ಭಾರ ಹೆಚ್ಚಾದಾಗ ಕೆಎಂಪಿಎಲ್ ಕೊಂಚ ಇಳಿಯುವುದು ಸಹಜ. ಅದನ್ನು ಸಿಬ್ಬಂದಿಯ ತಪ್ಪೆಂದು ಎಣಿಸಬಾರದು. ಅರವತ್ತು ಮಂದಿಯನ್ನು ಹೊತ್ತ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡಿದರೂ, ತಲೆಗೆ ಬೀಳುವ ಇಂಧನ ಒಬ್ಬರೇ ಕುಳಿತ ಕಾರಿನ ಹತ್ತಿರಕ್ಕೂ ಬರುವುದಿಲ್ಲ. ಇಂಧನ ಉಳಿಸುವ ಅತಿ ಸುಲಭದ ಉಪಾಯ ತುಂಬಿದ ಬಸ್ಸು. ಆದರೆ ಬಸ್ಸುಗಳ ಸಂಖ್ಯೆ ಹೆಚ್ಚದೆ ಜನರನ್ನು ಬಾಗಿಲಲ್ಲಿ ನೇತಾಡಿಸಿಕೊಂಡು ಹೋಗುವುದು ಆ ಉಪಾಯವಾಗದು.

ಕಿಲೋಮೀಟರಿನ ಹತ್ತನೇ ಒಂದು ಪಾಲಿಗೆ ಎಷ್ಟು ಬೆಲೆಯೆಂದು ತಿಳಿಯಲು ಇನ್ನೊಂದು ಲೆಕ್ಕ. ನೂರು ಬಸ್ಸುಗಳು ದಿನಕ್ಕೆ 300 ಕಿಲೋಮೀಟರಿನಂತೆ ಓಡುತ್ತವೆ ಎಂದುಕೊಳ್ಳಿ. ಲೀಟರಿಗೆ 5ರ ಬದಲು 5.1 ಕಿಲೋಮೀಟರ್ ಬಂದರೆ ವರ್ಷಕ್ಕೆ ಸುಮಾರು 43,000 ಲೀಟರ್ ಡೀಸೆಲ್ ಉಳಿಯುತ್ತದೆ, ನೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ. ಇಷ್ಟು ಮಾಡಲು ಹೊಸ ಯಂತ್ರ ಬೇಕಿಲ್ಲ. ಮುರಕಲ್ಲಿನ ಕೆಂಪು ಧೂಳು ಕಟ್ಟಿದ ಏರ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ಹಿಡಿದುಕೊಂಡ ಬ್ರೇಕನ್ನು ಬಿಡಿಸುವುದು, ಟೈರಿನ ಗಾಳಿ ನೋಡುವುದು ಸಾಕಾಗಬಹುದು. ಈ ಕೆಲಸಗಳನ್ನು ರಾತ್ರಿ ಪಾಳಿಯಲ್ಲಿ ನಿತ್ಯ ಮಾಡಿದವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರಿಗೆ ಈ ಲೇಖನದ ಮೂಲಕ ನಮಸ್ಕಾರ ಸಲ್ಲಿಸುತ್ತೇನೆ.

ಕೊನೆಗೆ ಸಂಬಂಧಪಟ್ಟವರಲ್ಲಿ ಒಂದು ಬಿನ್ನಹ. ಡಿಪೊಗಳಲ್ಲಿ ಉಳಿದಿರುವ ಹಳೆಯ ಡೀಸೆಲ್ ರಿಜಿಸ್ಟರ್‌ಗಳನ್ನೂ ಲಾಗ್‌ಶೀಟುಗಳನ್ನೂ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾವ ರೂಟಿನಲ್ಲಿ, ಯಾವ ಮಾದರಿಯ ಗಾಡಿ, ಯಾವ ತಿಂಗಳಲ್ಲಿ ಎಷ್ಟು ಡೀಸೆಲ್ ಕುಡಿದಿತ್ತು ಎಂಬ ಇಂಥ ದಾಖಲೆ, ಏರುದಾರಿಯ ಬಸ್ಸಿಗೆ ಮಾನದಂಡ ರೂಪಿಸುವ ಯಾರಿಗಾದರೂ ಬೇಕಾಗುವಂಥದು. ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಕ್ಕಳ ಕೈಗೆ ಅವನ್ನು ಕೊಡಿ. ಅವರು ಅಂಕಿಗಳನ್ನು ಗಣಕಕ್ಕೆ ಏರಿಸಿ ಘಟ್ಟದ ರೂಟಿನ ಇಂಧನ ಲೆಕ್ಕವನ್ನು ಕ್ರಮಬದ್ಧವಾಗಿ ಬರೆದು, ಮಾನದಂಡ ಮಾಡುವ ಇಂಧನ ದಕ್ಷತಾ ಬ್ಯೂರೋಗೂ ಪುಣೆಯ ವಾಹನ ಸಂಶೋಧನಾ ಸಂಸ್ಥೆಗೂ ಕಳುಹಿಸಲಿ. ನಿವೃತ್ತರಾದ ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಅಂಕಿಗಳ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಬಲ್ಲವರು ಅವರು. ಅವರು ಇರುವಾಗಲೇ ಈ ಕೆಲಸ ಆಗಬೇಕು.